ಒಂಬತ್ತಾದ ಮೇಲೆ ಎರಡು ಚುಕ್ಕಿ

ಓರಣಪ್ಪ ಎಂಬುದು ಅವನ ಹೆಸರಲ್ಲ. ಆಫೀಸಿನವರು ಇಟ್ಟರು, ಮನೆಯವರು ಒಪ್ಪಿಕೊಂಡರು, ಕೊನೆಗೆ ಫೋನೆತ್ತಿದರೆ ಅವನೇ "ಹಲೋ, ಓರಣಪ್ಪ" ಎನ್ನುವಷ್ಟು ಅದು ಮೈಗಂಟಿತು. ಕೆಲವರಿಗೆ ಧೂಳು ಕಂಡರೆ ಸೀನು, ಕೆಲವರಿಗೆ ಹಲ್ಲಿ ಕಂಡರೆ ನಡುಕ. ಇವನಿಗೆ ಓರೆಯಾಗಿರುವ ಯಾವುದನ್ನು ಕಂಡರೂ ಅಂಗೈ ತುರಿಕೆ. ಪಕ್ಕದ ಮನೆಯವರ ಕ್ಯಾಲೆಂಡರನ್ನು ನೆಟ್ಟಗೆ ಮಾಡಲು ಹೋಗಿ ಮೊಳೆ, ಗಾರೆ ಸಮೇತ ಕೆಳಗಿಳಿಸಿದ್ದ. ಅವನು ಬರುತ್ತಾನೆಂದು ಗೊತ್ತಾದರೆ ನೆರೆಯವರು ಮನೆಯನ್ನೆಲ್ಲ ಮೊದಲೇ ಒಪ್ಪ ಮಾಡಿಟ್ಟುಕೊಳ್ಳುತ್ತಿದ್ದರು. ಅದು ಗೋಡೆಯ ಮೇಲಿನ ಕಾಳಜಿಯಿಂದ.

ಹೊಟ್ಟೆಪಾಡಿಗೆ ಅವನು ಮಾಡುತ್ತಿದ್ದದ್ದು ಸತ್ತ ಯಂತ್ರಗಳಿಗೆ ವೇಷ ಕಟ್ಟುವ ಕೆಲಸ. ಊರಿನ ಕಣ್ಣಾಸ್ಪತ್ರೆಯಲ್ಲಿ ಟೋಕನ್ ಕೊಟ್ಟು ನಂಬರು ತೋರಿಸುವ ಹಳೆಯ ಯಂತ್ರವೊಂದಿತ್ತು. ಅದರ ಪ್ರೊಸೆಸರು ಎಂದೋ ಸುಟ್ಟುಹೋಗಿ, ಅಂಥದ್ದು ಇನ್ನೆಲ್ಲೂ ಸಿಗದೆ, ಅದರೊಳಗಿನ ಪ್ರೋಗ್ರಾಮನ್ನು ಬರೆದವರು ಯಾರೆಂದೂ ತಿಳಿಯದೆ, ಆಸ್ಪತ್ರೆಯವರು ಇವರ ಕಂಪನಿಯ ಬಾಗಿಲಿಗೆ ಬಂದಿದ್ದರು. ಇವರು ಹೊಸ ಕಂಪ್ಯೂಟರೊಂದರಲ್ಲಿ ಆ ಹಳೆಯ ಪ್ರೊಸೆಸರಿನ ಸೋಗು ಹಾಕುವ ಎಮ್ಯುಲೇಟರನ್ನು ಕೂರಿಸಿಕೊಟ್ಟರು. ಹಳೆಯ ಪ್ರೋಗ್ರಾಮಿಗೆ ತಾನಿನ್ನೂ ಹಳೆಯ ಯಂತ್ರದಲ್ಲೇ ಇದ್ದೇನೆಂಬ ಭ್ರಮೆ. ಆ ಭ್ರಮೆ ಕೆಡದಿರುವಷ್ಟು ದಿನ ಆಸ್ಪತ್ರೆಯ ಸಾಲು ಸುಸೂತ್ರವಾಗಿ ಸಾಗುತ್ತಿತ್ತು.

ವೇಷ ಹಾಕುವವನಿಗೆ ತನ್ನ ಪಾತ್ರಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಗೊತ್ತಿರಬೇಕಲ್ಲ. ಆ ಪಾಠ ಹೇಳಿಕೊಡುವ ಭಾಗ ಎಮ್ಯುಲೇಟರಿನಲ್ಲಿ ಹತ್ತಾರು ಕಡೆ ಚೆಲ್ಲಾಪಿಲ್ಲಿಯಾಗಿ ಬಿದ್ದಿತ್ತು. ಒಂದೆಡೆ ಈ ಪ್ರೊಸೆಸರಿಗೆ ಇದು ಬರುತ್ತದೆ ಎಂದಿದ್ದರೆ, ಇನ್ನೊಂದೆಡೆ ಆ ಪ್ರೊಸೆಸರಿಗೆ ಮಾತ್ರ ಬರುವುದಿಲ್ಲ ಎಂದಿತ್ತು, ಮತ್ತೊಂದೆಡೆ ಮೇಲೆ ಹೇಳಿದ್ದನ್ನು ಮರೆತುಬಿಡು ಎಂದಿತ್ತು. ಅದನ್ನು ಕಂಡಾಗಿನಿಂದ ಓರಣಪ್ಪನಿಗೆ ಊಟ ಸೇರುತ್ತಿರಲಿಲ್ಲ. ಕಂಪನಿಯ ಮೇಡಂ ಅವರನ್ನು ಕಾಡಿ ಬೇಡಿ ಅಪ್ಪಣೆ ಪಡೆದು, ಅಷ್ಟನ್ನೂ ಬಾಚಿ ತಂದು ಒಂದೇ ಕೋಷ್ಟಕದಲ್ಲಿ ಜೋಡಿಸಿದ. ಸಾಲಿಗೊಂದು ಪ್ರೊಸೆಸರು, ಅದರ ಮುಂದೆ ಅದಕ್ಕೆ ಬರುವ ವಿದ್ಯೆಗೊಂದೊಂದು ಗುರುತು.

ಕೋಷ್ಟಕವೇನೋ ಸುಂದರವಾಯಿತು. ಆದರೆ ಅಕ್ಕಪಕ್ಕದ ಎರಡು ಸಾಲು ಅವನ ಕಣ್ಣಿಗೆ ಚುಚ್ಚಿದವು. ಅವು ಒಂದೇ ಕಾರ್ಖಾನೆಯ ಅಣ್ಣ ತಮ್ಮ ಪ್ರೊಸೆಸರುಗಳು. ಎಲ್ಲ ಗುರುತುಗಳೂ ಒಂದಕ್ಕೊಂದು ತಾಳೆಯಾಗುತ್ತಿದ್ದವು, ಕೊನೆಯದೊಂದನ್ನು ಬಿಟ್ಟು. ಮನುಷ್ಯರ ಹಾಗೆ ಹತ್ತು ಹತ್ತಾಗಿ ಎಣಿಸುವ ವಿದ್ಯೆಯ ಮುಂದೆ ಅಣ್ಣನಿಗೆ ಗುರುತಿತ್ತು, ತಮ್ಮನಿಗಿರಲಿಲ್ಲ. ಬೋಳುತಲೆಯ ಮೇಲಿನ ಒಂಟಿ ಕೂದಲಿನ ಹಾಗೆ ಅದೊಂದೇ ಎದ್ದು ನಿಂತಿತ್ತು. ಒಡಹುಟ್ಟಿದವರಲ್ಲಿ ಇಂಥ ಭೇದ ಎಲ್ಲಾದರೂ ಉಂಟೇ, ಹಿಂದಿನವರು ಕೈತಪ್ಪಿ ಹಾಕಿರಬೇಕು ಎಂದುಕೊಂಡು ಓರಣಪ್ಪ ಅದನ್ನು ಅಳಿಸಿದ. ಸಾಲುಗಳು ಸಮನಾದವು. ಅಂದು ಹೊಟ್ಟೆ ತುಂಬ ಉಂಡ.

ಆಸ್ಪತ್ರೆಯಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ಮೇಡಂ ಎಲ್ಲರೆದುರು ಕೇಳಿದಾಗ ಅವನು ಎದೆ ಸೆಟೆಸಿ ನಿಂತ.

"ಒಂದು ಕೂದಲೂ ಕೊಂಕಲ್ಲ ಮೇಡಂ. ಒಳಗಿನ ಬೀರು ಜೋಡಿಸಿದ್ದೀನಿ ಅಷ್ಟೇ, ಹೊರಗಿನವರಿಗೆ ಗೊತ್ತೂ ಆಗಲ್ಲ. ಜವಾಬ್ದಾರಿ ನಂದು."

ಪರೀಕ್ಷೆ ಮಾಡಬೇಕಾದ ಸಹೋದ್ಯೋಗಿ ಟೋಕನ್ನುಗಳನ್ನು ಒಂದರಿಂದ ಐದರವರೆಗೆ ಕರೆದು ನೋಡಿದ. ಐದರವರೆಗೆ ಬಂದದ್ದು ಮುಂದೆ ಎಲ್ಲಿಗೆ ಹೋದೀತು ಎಂಬ ಭರವಸೆಯಿಂದ ಸರಿಯಿದೆ ಎಂದ. ಅಂದು ಸಂಜೆಯೇ ಹೊಸದನ್ನು ಆಸ್ಪತ್ರೆಗೆ ಹಾಕಿದರು. ಮರುದಿನ ಬೆಳಿಗ್ಗೆ ಓರಣಪ್ಪನ ಅತ್ತೆಗೆ ಅದೇ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುವುದೆಂದು ಗೊತ್ತಾಗಿತ್ತು.

ಅತ್ತೆಯನ್ನು ಈ ಆಪರೇಷನ್ನಿಗೆ ಒಪ್ಪಿಸುವಷ್ಟರಲ್ಲಿ ಮನೆಮಂದಿಯೆಲ್ಲ ಹೈರಾಣಾಗಿದ್ದರು. ಹಿಂದೆ ಎರಡು ಸಲ ಅವರು ಬಾಗಿಲವರೆಗೆ ಹೋಗಿ ವಾಪಸ್ಸು ಬಂದಿದ್ದರು. ಮೊದಲ ಸಲ ದೀಪ ಮಿಣುಕಿತೆಂದು, ಎರಡನೆಯ ಸಲ ನರ್ಸಿನ ಕೈಯಿಂದ ತಟ್ಟೆ ಬಿತ್ತೆಂದು. ಇನ್ನು ಮುಂದೂಡಿದರೆ ಆ ಕಣ್ಣಿನ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಒಂದೇ ಒಂದು ಎಡವಟ್ಟು ಕಂಡರೂ ಎದ್ದುಬರುತ್ತೇನೆ, ಆಮೇಲೆ ಯಾರೂ ನನ್ನ ಕಣ್ಣಿನ ಸುದ್ದಿಗೆ ಬರಬಾರದು ಎಂದು ಅತ್ತೆಯೂ ಅಷ್ಟೇ ಖಡಾಖಂಡಿತವಾಗಿ ಹೇಳಿದ್ದರು. ಹೆಂಡತಿಗೆ ಅಂದು ರಜೆ ಸಿಗಲಿಲ್ಲ. ಅಮ್ಮನನ್ನು ಒಳಗೆ ಕಳಿಸಿಯೇ ಫೋನ್ ಮಾಡಬೇಕು, ಇಲ್ಲದಿದ್ದರೆ ಮಾಡಲೇಬಾರದು ಎಂದು ಗಂಡನಿಗೆ ತಾಕೀತು ಮಾಡಿ ಹೋದಳು.

ಬಸ್ಸಿನಲ್ಲಿ ಅತ್ತೆಯ ಕೈ ತಣ್ಣಗಾಗಿತ್ತು. ಧೈರ್ಯ ತುಂಬುವ ಭರದಲ್ಲಿ ಓರಣಪ್ಪ ಸುಮ್ಮನಿರಲಾರದೆ ಜಂಬ ಕೊಚ್ಚಿದ. ಆಸ್ಪತ್ರೆಯಲ್ಲಿ ಯಾರು ಯಾವಾಗ ಒಳಗೆ ಹೋಗಬೇಕೆಂದು ಹೇಳುವ ಬೋರ್ಡು ನಡೆಯುತ್ತಿರುವುದೇ ತನ್ನ ಕೈಚಳಕದಿಂದ, ಅಲ್ಲಿ ಹೆಚ್ಚುಕಡಿಮೆ ಆಗಲು ಸಾಧ್ಯವೇ ಇಲ್ಲ ಎಂದ. ಅತ್ತೆ ಅವನನ್ನು ಮಬ್ಬುಗಣ್ಣಿನಲ್ಲೇ ದೀರ್ಘವಾಗಿ ನೋಡಿದರು. ಅವರ ಕೈ ಇನ್ನಷ್ಟು ತಣ್ಣಗಾಯಿತು.

ಆಸ್ಪತ್ರೆಯ ಹಜಾರದಲ್ಲಿ ಆಗಲೇ ಸಾಕಷ್ಟು ಜನ ಕೂತಿದ್ದರು. ಬಾಗಿಲ ಪಕ್ಕದ ಯಂತ್ರದ ಗುಂಡಿ ಒತ್ತಿದರೆ ಟೋಕನ್ ಬರುತ್ತಿತ್ತು. ಅದನ್ನು ಹಿಡಿದು ಕೂತರೆ ಹನಿ ಹಾಕುವಾಕೆ ಬಂದು ಎರಡೂ ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಓರಣಪ್ಪ ಗುಂಡಿ ಒತ್ತಿದ. ಯಂತ್ರ ಗೊರ್ರೆಂದು ಚೀಟಿ ಉಗುಳಿತು. ಅದರ ಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

ಅವನು ಚೀಟಿಯನ್ನು ಒರೆಸಿದ. ಊದಿದ. ತಿರುಗಿಸಿ ಹಿಂಬದಿ ನೋಡಿದ. ಹಿಂಬದಿಯಲ್ಲಿ ಏನೂ ಇರಲಿಲ್ಲ, ಮುಂಬದಿಯಲ್ಲಿ ಪ್ರಶ್ನೆ ಹಾಗೇ ಇತ್ತು. ನಂಬರೆಷ್ಟು ಎಂದು ಅತ್ತೆ ಕೇಳಿದರು. ಮುಂದೆ ಕೂತವರ ತಲೆ ಎಣಿಸಿ, ಹದಿನೈದು ಎಂದು ಹೇಳಿ ಚೀಟಿಯನ್ನು ಜೇಬಿಗಿಳಿಸಿದ. ನನ್ನ ಚೀಟಿ ನನ್ನ ಹತ್ತಿರವೇ ಇರಲಿ ಎಂದು ಅತ್ತೆ ಕಿತ್ತುಕೊಂಡರು. ಅಷ್ಟರಲ್ಲಿ ಕಣ್ಣಿಗೆ ಹನಿ ಬಿದ್ದಾಗಿತ್ತು. ಅವರು ಚೀಟಿಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಅಳಿಯಂದಿರೇ, ನನಗೆ ಇಲ್ಲೊಂದು ಕೊಕ್ಕೆ ಕಾಣ್ತಿದೆ. ಕೊಕ್ಕೆ ಕೆಳಗೊಂದು ಚುಕ್ಕಿ."

ಅದು ಹನಿ ಬಿದ್ದ ಮಂಜು, ಈಗ ಸರಿಹೋಗುತ್ತದೆ ಎಂದು ಓರಣಪ್ಪ ಕರವಸ್ತ್ರ ತೆಗೆದು ಅವರ ಕಣ್ಣಂಚು ಒರೆಸಿದ. ತನ್ನ ಹಣೆಯನ್ನೂ ಒರೆಸಿಕೊಂಡ.

ಬೋರ್ಡಿನಲ್ಲಿ ಒಂಬತ್ತು ಬಂತು. ಒಂಬತ್ತರವರು ಒಳಗೆ ಹೋಗಿ ಹೊರಗೆ ಬಂದರು. ಗಂಟೆ ಮೊಳಗಿತು. ಬೋರ್ಡಿನ ಮೇಲೆ ಎರಡು ಚುಕ್ಕಿ ಬಂದವು, ಒಂದರ ಮೇಲೊಂದು.

ಬೋಳುತಲೆಯ ಮೇಲಿನ ಆ ಒಂಟಿ ಗುರುತು ಓರಣಪ್ಪನ ಕಣ್ಣಮುಂದೆ ಬಂತು. ಯಂತ್ರಗಳ ಸ್ವಂತ ಲೆಕ್ಕದಲ್ಲಿ ಒಂಬತ್ತಾದ ಮೇಲೆ ಇನ್ನೂ ಆರು ಎಣಿಕೆಗಳಿವೆ, ಆಮೇಲೆಯೇ ಒಂದರ ಪಕ್ಕ ಸೊನ್ನೆ ಬರುವುದು. ಆ ಆರಕ್ಕೆ ನಮ್ಮಲ್ಲಿ ಅಂಕಿಗಳಿಲ್ಲ. ಅಂಕಿ ಹುಡುಕಿ ಸಿಗದ ಪ್ರೋಗ್ರಾಮು, ಯಂತ್ರದ ಅಕ್ಷರಪಟ್ಟಿಯಲ್ಲಿ ಅಂಕಿಗಳ ಪಕ್ಕದ ಮನೆಯಲ್ಲಿ ವಾಸವಾಗಿರುವ ಚಿಹ್ನೆಗಳನ್ನೇ ಒಂದೊಂದಾಗಿ ಎಳೆದು ತರುತ್ತಿದೆ. ಆಸ್ಪತ್ರೆಯ ಯಂತ್ರ ಅಣ್ಣನದು. ಅಣ್ಣನಿಗೆ ಬರುತ್ತಿದ್ದ ವಿದ್ಯೆಯನ್ನು ಓರಣಪ್ಪ ಅಳಿಸಿದ್ದ.

ಇಷ್ಟು ತಿಳಿದದ್ದು ಇಡೀ ಹಜಾರದಲ್ಲಿ ಅವನೊಬ್ಬನಿಗೇ. ಉಳಿದವರಿಗೆ ತಿಳಿದದ್ದೇ ಬೇರೆ. ಎರಡು ಚುಕ್ಕಿಯ ಟೋಕನ್ ಹಿಡಿದಿದ್ದವರು ಒಬ್ಬ ದರ್ಜಿ. ಕಣ್ಣೆದುರು ಚುಕ್ಕಿಗಳು ತೇಲುತ್ತವೆ ಎಂದೇ ಅವರು ಆಸ್ಪತ್ರೆಗೆ ಬಂದದ್ದು. ಈಗ ಚೀಟಿಯಲ್ಲೂ ಚುಕ್ಕಿ, ಬೋರ್ಡಿನಲ್ಲೂ ಚುಕ್ಕಿ. ಕಾಯಿಲೆ ಬಲಿಯಿತು ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂತರು. ಅವರಿಂದ ಆಚೆ ಕೂತಿದ್ದ ನಿವೃತ್ತ ಮೇಷ್ಟ್ರ ಚೀಟಿಯಲ್ಲಿ ಎರಡು ಅಡ್ಡಗೆರೆ ಇತ್ತು. ಒಂದು ಎರಡಾಗಿ ಕಾಣುವುದೇ ಅವರ ತೊಂದರೆ. ಹಿಂದೆ ಒಂದು ಎರಡಾಗುತ್ತಿತ್ತು, ಈಗ ಆ ಎರಡೂ ಸುಸ್ತಾಗಿ ಮಲಗಿಬಿಟ್ಟಿವೆ ಎಂದು ಅವರು ಸುತ್ತಲಿನವರಿಗೆ ವಿವರಿಸಿದರು. ನಡುವೆ ಕೂತಿದ್ದ ಹೆಂಗಸೊಬ್ಬರಿಗೆ ತೆರೆದ ಕೊಕ್ಕು ಕಾಣಿಸುತ್ತಿತ್ತು. ಒಬ್ಬರ ಚೀಟಿ ಇನ್ನೊಬ್ಬರು ನೋಡಿದರು, ಇನ್ನೊಬ್ಬರದು ಮತ್ತೊಬ್ಬರು. ಎಲ್ಲರ ಕಣ್ಣಿಗೂ ಹನಿ ಬಿದ್ದಿದ್ದರಿಂದ ಯಾರ ಸಾಕ್ಷಿಯನ್ನೂ ಯಾರೂ ನಂಬುವಂತಿರಲಿಲ್ಲ.

ಆಗ ಒಬ್ಬ ಕಂಟ್ರಾಕ್ಟರು ದಡಬಡಿಸಿ ಒಳಬಂದು ಗುಂಡಿ ಒತ್ತಿದರು. ಅವರಿಗೆ ಸರಿಯಾಗಿ ಹತ್ತು ಬಂತು. ಒಂಬತ್ತು ಮುಗಿದದ್ದು ಕೇಳಿ ಅವರು ನೇರವಾಗಿ ಒಳಗೆ ನುಗ್ಗಲು ಹೊರಟರು. ತಾವೆಲ್ಲ ಬೆಳಗಿನಿಂದ ಕೂತಿದ್ದೇವೆ ಎಂದು ಆರು ಜನ ಎದ್ದು ಅಡ್ಡ ನಿಂತರು. ಹಾಗಿದ್ದರೆ ನಂಬರು ಹೇಳಿ ಎಂದರು ಕಂಟ್ರಾಕ್ಟರು. ಒಬ್ಬರು ಚುಕ್ಕಿ ಎಂದರು, ಒಬ್ಬರು ಗೆರೆ ಎಂದರು, ಅತ್ತೆ ಕೊಕ್ಕೆ ಎಂದರು. ಕಂಟ್ರಾಕ್ಟರು ಒಂದು ಹೆಜ್ಜೆ ಹಿಂದೆ ಸರಿದು, ಇದು ಕಣ್ಣಾಸ್ಪತ್ರೆ ಹೌದೋ ಅಲ್ಲವೋ ಎಂದು ಬಾಗಿಲ ಮೇಲಿನ ಫಲಕ ಓದಿಕೊಂಡು ಬಂದರು.

ಕೌಂಟರಿನಾಕೆ ತನ್ನ ದಪ್ಪ ಕನ್ನಡಕವನ್ನು ಒರೆಸಿ ಒರೆಸಿ ಸಾಕಾಗಿ ಕಂಪನಿಗೇ ಫೋನ್ ಮಾಡಿದಳು. ಓರಣಪ್ಪ ಕೌಂಟರಿನ ಕಂಬಕ್ಕೆ ಆತು ಉಸಿರು ಹಿಡಿದು ನಿಂತ. ಆಚೆ ಕಡೆ ಮಾತಾಡುತ್ತಿದ್ದುದು ಮೇಡಂ.

"ಹೌದಾ ಮೇಡಂ. ಏನೂ ಬದಲಾಗಿಲ್ವಾ. ನಿಮ್ಮ ಹಿರಿಯರೊಬ್ಬರು ಜವಾಬ್ದಾರಿ ತಗೊಂಡಿದ್ದಾರಾ. ಒಂದು ಕೂದಲೂ ಕೊಂಕಲ್ಲ ಅಂದ್ರಾ. ಹಾಗಾದ್ರೆ ಸರಿ."

ಯಂತ್ರ ಸರಿಯಿದೆಯೆಂದು ಕಂಪನಿಯೇ ಖಾತ್ರಿ ಕೊಟ್ಟ ಮೇಲೆ ಉಳಿದದ್ದು ಕಣ್ಣುಗಳು. ಹನಿ ಹಾಕುವಾಕೆಗೆ ಕೈಕಾಲು ಆಡದಾಗಿ, ಅವಳು ಓಡಿಹೋಗಿ ಡಾಕ್ಟರಿಗೆ ಹೇಳಿದಳು. ಡಾಕ್ಟರು ಹೊರಬಂದರು. ಯಾರೂ ಒಳಗೆ ಬಾರದೆ ಅವರು ನಂಬರು ಮುಂದೊತ್ತುತ್ತಲೇ ಇದ್ದುದರಿಂದ ಬೋರ್ಡಿನಲ್ಲಿ ಆಗ ಎರಡು ಗೆರೆಗಳಿದ್ದವು. ಡಾಕ್ಟರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಕಣ್ಣೊಣಗಿತೆಂದು ಬೆಳಿಗ್ಗೆ ತಾವೂ ಔಷಧಿ ಬಿಟ್ಟುಕೊಂಡಿದ್ದು ನೆನಪಾಗಿ ಹತ್ತಿರದ ಬೆಂಚಿನ ಮೇಲೆ ಮೆಲ್ಲನೆ ಕೂತರು.

ಓರಣಪ್ಪ ಧೈರ್ಯ ಮಾಡಿ ಹತ್ತಿರ ಹೋದ. ತನಗೆ ಯಾವ ಹನಿಯೂ ಬಿದ್ದಿಲ್ಲ, ತನಗೂ ಗೆರೆಗಳೇ ಕಾಣುತ್ತಿವೆ ಎಂದು ಸುತ್ತಿ ಬಳಸಿ ಹೇಳಿದ. ಅತ್ತೆಯ ಕಣ್ಣು ಒರೆಸಿದ್ದೀರಾ ಎಂದು ಡಾಕ್ಟರು ಕೇಳಿದರು. ಒರೆಸಿದೆ ಎಂದ. ಅದೇ ಬಟ್ಟೆಯಲ್ಲಿ ನಿಮ್ಮ ಮುಖ ಒರೆಸಿಕೊಂಡಿರಾ ಎಂದರು. ಒರೆಸಿಕೊಂಡೆ ಎಂದ. ಡಾಕ್ಟರು ಅವನ ರೆಪ್ಪೆ ಅಗಲಿಸಿ, ಟಾರ್ಚು ಬಿಟ್ಟು, ಪಾಪ ಎಂದರು. ಅಷ್ಟರಲ್ಲಿ ಕಂಟ್ರಾಕ್ಟರು ಕೈಯೆತ್ತಿ, ಜಗಳದ ಗದ್ದಲದಲ್ಲಿ ತಮಗಿನ್ನೂ ಹನಿಯೇ ಹಾಕಿಲ್ಲ, ತಮಗೆ ಚೀಟಿಯ ಹತ್ತು ಹತ್ತಾಗಿಯೇ ಕಾಣುತ್ತಿದೆ ಎಂದುಬಿಟ್ಟರು. ಡಾಕ್ಟರಿಗೆ ಇನ್ನು ಅನುಮಾನವೇ ಉಳಿಯಲಿಲ್ಲ. ಹನಿ ಬಿದ್ದವರಿಗೆಲ್ಲ ಚಿಹ್ನೆ, ಬೀಳದವರಿಗೆ ಅಂಕಿ. ಔಷಧಿ ಕೆಟ್ಟಿದೆ, ಇವತ್ತಿನ ಆಪರೇಷನ್ನುಗಳೆಲ್ಲ ರದ್ದು ಎಂದು ಘೋಷಿಸಿದರು.

ಅತ್ತೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

"ನಡೀರಿ ಮನೆಗೆ. ಮೂರು ಸಲ ಆಯ್ತು. ಈ ಕಣ್ಣು ಹೋದ್ರೆ ಹೋಗ್ಲಿ, ಇನ್ನೊಂದಿದೆ."

ಅದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ತಪ್ಪಿದರೆ ಇನ್ನೊಂದಿದೆ ಎನ್ನುವಷ್ಟು ತಣ್ಣಗೆ ಹೇಳಿದರು. ಅದೇ ಗಳಿಗೆಗೆ ಓರಣಪ್ಪನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮೇಡಂ.

"ಈಗ ತೆಗೆದು ನೋಡಿದೆ, ಒಂಬತ್ತಾದ ಮೇಲೆ ನಿಮ್ಮ ಕೋಷ್ಟಕ ಏನ್ ಮಾಡುತ್ತೆ ಅಂತ. ಆಸ್ಪತ್ರೆ ಮುಚ್ಚಿದ ಮೇಲೆ ಹಳೇದನ್ನೇ ವಾಪಸ್ ಹಾಕೋಣ. ಅಲ್ಲಿವರೆಗೆ ಬಾಯಿ ಬಿಡಬೇಡಿ. ಇದು ನಮ್ಮಿಂದ ಆಯ್ತು ಅಂತ ಗೊತ್ತಾದ್ರೆ ಅವರು ನಮ್ಮನ್ನೇ ಬಿಡ್ತಾರೆ. ಆಗ ನಾನು ನಿಮ್ಮನ್ನ ಬಿಡಬೇಕಾಗುತ್ತೆ."

ಅತ್ತೆ ಆಗಲೇ ಗೋಡೆ ತಡವುತ್ತ ಬಾಗಿಲ ಕಡೆ ಹೊರಟಿದ್ದರು. ಮಬ್ಬಿನಲ್ಲಿ ದಾರಿ ತಿಳಿಯದೆ, ಔಷಧಿಯ ಬೀರುವಿಗೆ ಹಣೆ ಹೊಡೆಸಿಕೊಂಡು, ಅದಕ್ಕೇ ಕ್ಷಮಿಸಿ ಎಂದು ಹೇಳಿ ಮುಂದೆ ಸಾಗಿದರು. ಅದನ್ನು ನೋಡಿದ ಮೇಲೆ ಓರಣಪ್ಪನಿಗೆ ತಡೆಯಲಾಗಲಿಲ್ಲ. ಮೇಡಂ ಇನ್ನೂ ಮಾತಾಡುತ್ತಿದ್ದಂತೆಯೇ ಬೆಂಚು ಹತ್ತಿ ನಿಂತ. ಬೆಂಚು ಹತ್ತಬೇಕಾದ ಅಗತ್ಯವೇನೂ ಇರಲಿಲ್ಲ. ಹೆದರಿದವನಿಗೆ ಅಗತ್ಯ ಅನಗತ್ಯ ಗೊತ್ತಾಗುವುದಿಲ್ಲ.

"ಯಾರ ಕಣ್ಣಿಗೂ ಏನೂ ಆಗಿಲ್ಲ. ಔಷಧಿನೂ ಕೆಟ್ಟಿಲ್ಲ. ಕೆಟ್ಟಿರೋದು ಯಂತ್ರ, ಕೆಡಿಸಿದ್ದು ನಾನು. ಚೆನ್ನಾಗಿ ಕಾಣಲಿ ಅಂತ ಜೋಡಿಸೋಕೆ ಹೋಗಿ, ಅದಕ್ಕೆ ಹತ್ತು ಎಣಿಸೋದನ್ನೇ ಮರೆಸಿಬಿಟ್ಟೆ."

ಯಾರೂ ನಂಬಲಿಲ್ಲ. ಹನಿ ಕಣ್ಣಿನಿಂದ ತಲೆಗೂ ಏರುತ್ತದೆಯೇ ಎಂದು ಮೇಷ್ಟ್ರು ಡಾಕ್ಟರನ್ನು ಕೇಳಿದರು. ಡಾಕ್ಟರು ಓರಣಪ್ಪನನ್ನು ಕೈಹಿಡಿದು ಇಳಿಸಿ, ಹಾಗೆಂದು ಸಾಬೀತು ಮಾಡಲು ಆಗುತ್ತದೆಯೇ ಎಂದು ಮಗುವನ್ನು ಕೇಳುವ ದನಿಯಲ್ಲಿ ಕೇಳಿದರು. ಓರಣಪ್ಪ ಕಂಟ್ರಾಕ್ಟರನ್ನು ಯಂತ್ರದ ಮುಂದೆ ನಿಲ್ಲಿಸಿದ. ರೋಗಿಗಳಲ್ಲಿ ಹನಿ ಬೀಳದ ಕಣ್ಣು ಇವರದೊಂದೇ, ಇವರು ಗುಂಡಿ ಒತ್ತುತ್ತ ಹೋಗಲಿ, ಹತ್ತೊಂಬತ್ತರವರೆಗೆ ಸರಿಯಾಗಿ ಬರುತ್ತದೆ, ಆಮೇಲೆ ಇಪ್ಪತ್ತರ ಬದಲು ಒಂದು ಮತ್ತು ಎರಡು ಚುಕ್ಕಿ ಬರಬೇಕು ಎಂದ.

ಕಂಟ್ರಾಕ್ಟರು ಒತ್ತಿ ಒತ್ತಿ ಗಟ್ಟಿಯಾಗಿ ಓದತೊಡಗಿದರು. ಹನ್ನೊಂದು. ಹನ್ನೆರಡು. ಬಾಗಿಲವರೆಗೆ ಹೋಗಿದ್ದ ಅತ್ತೆ ಅಲ್ಲೇ ನಿಂತರು. ತಾನು ಬರೆದದ್ದರಲ್ಲಿ ತಪ್ಪಿರದಿರಲಿ ಎಂದು ಜೀವಮಾನವೆಲ್ಲ ಹಂಬಲಿಸಿದ ಓರಣಪ್ಪ, ಮೊದಲ ಸಲ, ದೇವರೇ ನನ್ನ ತಪ್ಪು ಅಲ್ಲೇ ಇರಲಿ, ಗಟ್ಟಿಯಾಗಿರಲಿ, ಮೇಡಂ ಅವಸರಪಟ್ಟು ಈಗಲೇ ಸರಿಮಾಡದಿರಲಿ ಎಂದು ಬೇಡಿಕೊಂಡ. ಹದಿನೇಳು. ಹದಿನೆಂಟು. ಹತ್ತೊಂಬತ್ತು. ಯಂತ್ರ ಗೊರ್ರೆಂದಿತು. ಕಂಟ್ರಾಕ್ಟರು ಚೀಟಿ ಹರಿದು ಕೈಯಲ್ಲಿ ಹಿಡಿದರು. ಅವರ ಮುಖದ ಬಣ್ಣ ಇಳಿಯಿತು.

"ಒಂದು," ಎಂದರು. "ಪಕ್ಕದಲ್ಲಿ ಎರಡು ಚುಕ್ಕಿ."

ಹಜಾರ ದೊಡ್ಡದೊಂದು ಉಸಿರು ಬಿಟ್ಟಿತು. ದರ್ಜಿ ಪಕ್ಕದವರ ಕೈಕುಲುಕಿದರು. ಮೇಷ್ಟ್ರು ತಮ್ಮ ಎರಡು ಗೆರೆಯ ಚೀಟಿಯನ್ನು ನೆನಪಿಗಿರಲೆಂದು ಜೇಬಿನಲ್ಲಿಟ್ಟುಕೊಂಡರು. ದುಃಖವಾದದ್ದು ಕಂಟ್ರಾಕ್ಟರಿಗೊಬ್ಬರಿಗೇ: ತಮ್ಮ ಹತ್ತು ನಿಜವಾಗಿ ಹದಿನಾರು ಎಂಬುದು ಅವರಿಗೆ ಆಗಷ್ಟೇ ಹೊಳೆಯಿತು. ಡಾಕ್ಟರು ಔಷಧಿಯನ್ನು ದೋಷಮುಕ್ತಗೊಳಿಸಿ, ಆಪರೇಷನ್ನುಗಳು ನಡೆಯುತ್ತವೆ, ಬೋರ್ಡು ನೋಡದೆ ಕೂತ ಸಾಲಿನಲ್ಲೇ ಬನ್ನಿ ಎಂದರು.

ಅತ್ತೆ ಬಾಗಿಲು ಬಿಟ್ಟು ಕದಲಲಿಲ್ಲ. ಓರಣಪ್ಪ ಹೋಗಿ ಕೈ ಹಿಡಿದ. ತಪ್ಪೆಲ್ಲ ತನ್ನದು, ಬೈಯುವುದಿದ್ದರೆ ಮನೆಗೆ ಹೋಗಿ ಎಷ್ಟು ಬೇಕಾದರೂ ಬೈಯಿರಿ, ಈ ಒಂದು ಸಲ ಒಳಗೆ ಹೋಗಿಬನ್ನಿ ಎಂದ. ಅತ್ತೆ ಡಾಕ್ಟರ ಕೋಣೆಯ ಕಡೆ ಗಲ್ಲ ತೋರಿಸಿದರು.

"ಇವರೂ ನಿಮ್ಮ ಹಾಗೆ ಎಲ್ಲಾನೂ ಜೋಡಿಸೋ ಪೈಕಿನಾ?"

ಓರಣಪ್ಪ ತೆರೆದ ಬಾಗಿಲಿನಿಂದ ಒಳಗೆ ನೋಡಿದ. ಮೇಜಿನ ಮೇಲೆ ಕಾಗದಗಳ ರಾಶಿ, ರಾಶಿಯ ಮೇಲೆ ಆರಿದ ಚಹಾ, ಚಹಾದ ಮೇಲೆ ಅಡ್ಡಲಾಗಿ ಪೆನ್ನು, ಕುರ್ಚಿಯ ಬೆನ್ನಿಗೆ ಒಂದು ತೋಳು ಮಾತ್ರ ಸಿಕ್ಕಿಸಿದ ಕೋಟು.

"ಇಲ್ಲ ಅತ್ತೆ. ಇವರ ಮೇಜು ನೋಡಿದ್ರೆ ನನಗೆ ಅಳು ಬರುತ್ತೆ."

"ಹಾಗಾದ್ರೆ ಪರವಾಗಿಲ್ಲ," ಎಂದು ಅತ್ತೆ ಹೋಗಿ ಸಾಲಿನಲ್ಲಿ ಕೂತರು. ಅವರ ಸರದಿ ಬಂದಾಗ ಆಪರೇಷನ್ ಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತಿರುಗಿ ನೋಡದೆ ಒಳಗೆ ನಡೆದರು.

ಫೋನಿನಲ್ಲಿ ಮೇಡಂ ಇದ್ದೇ ಇದ್ದರು. ಬೆಂಚು ಹತ್ತಿ 'ನಾನು' ಎಂದದ್ದರಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತನ್ನನ್ನು ಕೆಲಸದಿಂದ ತೆಗೆಯುತ್ತೀರಾ ಎಂದು ಓರಣಪ್ಪ ಕ್ಷೀಣವಾಗಿ ಕೇಳಿದ.

"ಆಸ್ಪತ್ರೆಯವರು ಏನಂತಾರೋ ನೋಡ್ಬೇಕು. ನಾಳೆ ಬೇಗ ಬಂದು ಆ ಕೋಷ್ಟಕ ಕಿತ್ತು, ಮೊದಲು ಹೇಗಿತ್ತೋ ಹಾಗೇ ಚೆಲ್ಲಾಪಿಲ್ಲಿ ಮಾಡಿಡಿ. ಎಲ್ಲೆಲ್ಲಿಂದ ಎತ್ತಿದ್ರಿ ಅಂತ ನಿಮಗೊಬ್ಬರಿಗೇ ಗೊತ್ತು."

ಅವನು ಕೋಣೆಯ ಎದುರಿನ ಬೆಂಚಿನ ಮೇಲೆ ಕೂತ. ಬಾಗಿಲ ಮುಂದೆ ಹತ್ತಾರು ಜೊತೆ ಚಪ್ಪಲಿಗಳು ಒಂದರ ಮೇಲೊಂದು ಬಿದ್ದಿದ್ದವು, ಎಡದ್ದು ಬಲಕ್ಕೆ, ಬಲದ್ದು ಎಲ್ಲಿಗೋ, ಒಂದು ಮಗುಚಿ. ಅಂಗೈ ತುರಿಸಿತು. ಒಮ್ಮೆ ಎದ್ದು ನಿಂತ. ಮತ್ತೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಬೆರಳು ಜೋಮು ಹಿಡಿಯಿತು. ಬೇರೆ ಕಡೆ ನೋಡಿದರೂ ಆ ಮಗುಚಿದ ಚಪ್ಪಲಿ ಕಣ್ಣಂಚಿನಲ್ಲಿ ಕೂತೇ ಇತ್ತು. ಹಣೆಯಿಂದ ಬೆವರಿಳಿದರೂ ಒರೆಸಿಕೊಳ್ಳಲು ಕೈ ಹೊರಗೆ ತೆಗೆಯಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಚೆನ್ನಾಗಿ ಆಯಿತು, ಕಣ್ಣು ಉಳಿಯಿತು ಎಂದು ಡಾಕ್ಟರು ಹೇಳಿ ಒಳಗೆ ಹೋದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಮಬ್ಬು ಹೊತ್ತು ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

"ಅಳಿಯಂದಿರೇ, ನನ್ನ ಚಪ್ಪಲಿ ಎಲ್ಲಿ?"

"ನೀವು ಬಿಟ್ಟಲ್ಲೇ ಇವೆ ಅತ್ತೆ," ಎಂದ ಓರಣಪ್ಪ. "ನಾನು ಮುಟ್ಟಿಲ್ಲ."

ಅತ್ತೆ ಕೆಳಗೆ ನೋಡದೆ ಕಾಲು ಮುಂದಿಟ್ಟರು. ಚಪ್ಪಲಿ ಅಲ್ಲೇ ಇತ್ತು.